ಟ್ಯೂಬಿನ ಪೂರ್ವಕಥೆ: ದಾವಣಗೆರೆಯ ಪ್ರಯೋಗಾಲಯವೊಂದಕ್ಕೆ ರೋಬಾಟ್ ಬಂದಾಗ

ಹಿನ್ನೆಲೆ

ಈ ಪ್ರಕರಣ ದಾವಣಗೆರೆಯ ಒಂದು ಖಾಸಗಿ ರೋಗನಿರ್ಣಯ ಪ್ರಯೋಗಾಲಯಕ್ಕೆ ಸಂಬಂಧಿಸಿದ್ದು. ಪ್ರಯೋಗಾಲಯ, ಯಂತ್ರ ಪೂರೈಸಿದ ಕಂಪನಿ, ಸಿಬ್ಬಂದಿ, ರೋಗಿಗಳು, ಹೀಗೆ ಯಾರ ಗುರುತೂ ಸಿಗದಂತೆ ಹೆಸರುಗಳನ್ನು ಬಿಟ್ಟು ಕೆಲವು ವಿವರಗಳನ್ನು ಬದಲಿಸಲಾಗಿದೆ. ನಿರ್ಧಾರಗಳು ಯಾವ ಕ್ರಮದಲ್ಲಿ ನಡೆದವು, ತೊಂದರೆಗೆ ತಾಂತ್ರಿಕ ಕಾರಣ ಏನಿತ್ತು ಎಂಬುದನ್ನು ಮಾತ್ರ ಇದ್ದಂತೆಯೇ ಉಳಿಸಲಾಗಿದೆ.

1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ದಾವಣಗೆರೆ ಸುತ್ತಲಿನ ಜಿಲ್ಲೆಗಳಿಗೆ ಆಸ್ಪತ್ರೆಗಳ ಊರಾಗಿ ಬೆಳೆದಿದೆ. ಜಗಳೂರು, ಚನ್ನಗಿರಿ, ಹೊನ್ನಾಳಿಗಳಿಂದ ಮಾತ್ರವಲ್ಲ, ಹರಪನಹಳ್ಳಿ, ರಾಣೆಬೆನ್ನೂರು, ಚಿತ್ರದುರ್ಗದ ಕಡೆಯಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ಹಳ್ಳಿಯಿಂದ ಬಂದವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಮಧ್ಯಾಹ್ನ ವೈದ್ಯರನ್ನು ಕಂಡು, ಸಂಜೆಯ ಬಸ್ಸಿಗೆ ಊರು ಸೇರಬೇಕು. ರಿಪೋರ್ಟು ಒಂದೂವರೆಗೆ ಕೈಗೆ ಬಂದರೆ ಆ ದಿನ ಸಾರ್ಥಕ. ನಾಲ್ಕಕ್ಕೆ ಬಂದರೆ ವೈದ್ಯರು ಹೊರಟುಹೋಗಿರುತ್ತಾರೆ. ಮರುದಿನ ಮತ್ತೆ ಬಸ್ ಚಾರ್ಜು, ಮತ್ತೊಂದು ದಿನದ ಕೂಲಿ ನಷ್ಟ. ಪ್ರಯೋಗಾಲಯದ ಮಾಲೀಕರಾದ ರೋಗಶಾಸ್ತ್ರಜ್ಞರು ಯಂತ್ರ ಕೊಳ್ಳುವ ಯೋಚನೆ ಮಾಡಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಮುಖ್ಯವಾಗಿ ಈ ಒಂದೂವರೆಯ ಗಡುವು. ಎರಡನೆಯ ಕಾರಣ ಸಿಬ್ಬಂದಿ. ಕೆಲಸ ಕಲಿತ ತಂತ್ರಜ್ಞರು ಒಂದೆರಡು ವರ್ಷದಲ್ಲಿ ಬೆಂಗಳೂರಿನ ಹೆಚ್ಚಿನ ಸಂಬಳಕ್ಕೆ ಹೊರಟುಹೋಗುತ್ತಿದ್ದರು.

ಪ್ರಯೋಗಾಲಯಕ್ಕೆ ದಿನವೂ ಸಾವಿರದ ಆಸುಪಾಸಿನಲ್ಲಿ ಟ್ಯೂಬುಗಳು ಬರುತ್ತಿದ್ದವು. ಅರ್ಧದಷ್ಟು ಕಟ್ಟಡದ ಕೆಳಮಹಡಿಯಲ್ಲಿರುವ ಸ್ವಂತ ಕೌಂಟರಿನಲ್ಲಿ ತೆಗೆದ ರಕ್ತ. ಉಳಿದವು ತಾಲ್ಲೂಕು ಕೇಂದ್ರಗಳ ಸಂಗ್ರಹಣಾ ಕೇಂದ್ರಗಳಿಂದ ಬಸ್ಸಿನಲ್ಲೋ ಬೈಕಿನಲ್ಲೋ ಬರುವಂಥವು. ಎಲ್ಲವನ್ನೂ ಒಂದೇ ಉದ್ದನೆಯ ಬೆಂಚಿನ ಮೇಲೆ ಮುಚ್ಚಳದ ಬಣ್ಣ ನೋಡಿ ಬೇರ್ಪಡಿಸಲಾಗುತ್ತಿತ್ತು: ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ರಕ್ತಕಣಗಳ ಎಣಿಕೆಗೆ, ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು ಸಕ್ಕರೆ ಪರೀಕ್ಷೆಗೆ, ತಿಳಿನೀಲಿ ಮುಚ್ಚಳದ್ದು ರಕ್ತ ಹೆಪ್ಪುಗಟ್ಟುವ ಕಾಲ ನೋಡಲು, ಹಳದಿ ಮುಚ್ಚಳದ ಜೆಲ್ ಟ್ಯೂಬು ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವಾದ ಸೀರಮ್‌ಗೆ. ಈ ಪ್ರಕರಣ ಬಹುಪಾಲು ಹಳದಿ ಮುಚ್ಚಳದ ಕಥೆ.

ಜೆಲ್ ಟ್ಯೂಬಿನ ಕೆಲಸವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ರಕ್ತ ತೆಗೆದ ಮೇಲೆ ಅದು ಪೂರ್ತಿ ಹೆಪ್ಪುಗಟ್ಟಲು ಸುಮಾರು 30 ನಿಮಿಷ ಬಿಡಬೇಕು. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ, ಎಂದರೆ ಟ್ಯೂಬುಗಳನ್ನು ವೇಗವಾಗಿ ಸುತ್ತಿಸುವ ಯಂತ್ರದಲ್ಲಿ, ಹತ್ತು ನಿಮಿಷದಷ್ಟು ತಿರುಗಿಸಿದರೆ ಭಾರವಾದ ರಕ್ತಕಣಗಳು ಕೆಳಗೆ, ಹಗುರವಾದ ಸೀರಮ್ ಮೇಲೆ ನಿಲ್ಲುತ್ತದೆ. ಇವೆರಡರ ನಡುವಿನ ಸಾಂದ್ರತೆಯುಳ್ಳ ಜೆಲ್ ತಳದಿಂದ ಎದ್ದು ನಡುವೆ ಗೋಡೆಯಂತೆ ಕೂರುತ್ತದೆ.

ಯಂತ್ರವನ್ನು ಆಯ್ದ ಬಗೆ

ಮಾಲೀಕರ ಮುಂದೆ ಮೂರು ದಾರಿಗಳಿದ್ದವು. ಮಾದರಿಗಳು ಹಳಿಯ ಮೇಲೆ ಸಾಗಿ ಒಂದೊಂದು ಯಂತ್ರವನ್ನೂ ತಾವೇ ತಲುಪುವ ಸಂಪೂರ್ಣ ಸ್ವಯಂಚಾಲನೆ ಮೊದಲನೆಯದು. ಅದಕ್ಕೆ ಜಾಗವೂ ಇರಲಿಲ್ಲ, ಆ ಬಂಡವಾಳಕ್ಕೆ ತಕ್ಕ ಮಾದರಿಗಳೂ ಇರಲಿಲ್ಲ. ಯಂತ್ರವೇನೂ ಇಲ್ಲದೆ ತಂತ್ರಾಂಶವನ್ನಷ್ಟೇ ಸುಧಾರಿಸುವುದು ಇನ್ನೊಂದು. ಅವರು ಆಯ್ದದ್ದು ನಡುವಿನದನ್ನು: ರೋಬಾಟ್ ಕೈಯೊಂದು ಟ್ಯೂಬನ್ನು ಎತ್ತಿ, ಬಾರ್‌ಕೋಡ್ ಓದಿ, ಸೆಂಟ್ರಿಫ್ಯೂಜಿಗೆ ತುಂಬಿ, ತಿರುಗಿದ ಮೇಲೆ ಮುಚ್ಚಳ ತೆಗೆದು, ಯಾವ ಪರೀಕ್ಷೆಯ ಯಂತ್ರಕ್ಕೆ ಹೋಗಬೇಕೋ ಆ ರ‍್ಯಾಕಿನಲ್ಲಿ ಜೋಡಿಸಿಡುವ ಒಂದು ಘಟಕ. ರ‍್ಯಾಕುಗಳನ್ನು ಪರೀಕ್ಷಾ ಯಂತ್ರಗಳಿಗೆ ಒಯ್ಯುವುದು ಮನುಷ್ಯರೇ. ಆಯ್ಕೆ ತೂಗಿ ನೋಡಿ ಮಾಡಿದ್ದೇ ಆಗಿತ್ತು, ಅದರಲ್ಲಿ ದೋಷ ಹುಡುಕಲು ನನಗೆ ಕಾರಣ ಕಾಣುವುದಿಲ್ಲ.

ಕಂಪನಿ ಕೊಟ್ಟ ಪೂರ್ವಸಿದ್ಧತೆಯ ಪಟ್ಟಿ ದೊಡ್ಡದಿತ್ತು. ನೆಲ ಸಮತಟ್ಟಾಗಿರಬೇಕು, ಯುಪಿಎಸ್ ಇಷ್ಟು ಸಾಮರ್ಥ್ಯದ್ದಿರಬೇಕು, ಕೋಣೆಯ ಉಷ್ಣಾಂಶ ಇಷ್ಟರೊಳಗಿರಬೇಕು, ನೀರು ಇಷ್ಟು ಶುದ್ಧವಿರಬೇಕು. ಇಲ್ಲಿನ ಬೋರ್‌ವೆಲ್ ನೀರಿನ ಗಡಸುತನ ಗೊತ್ತಿದ್ದವರಾದ್ದರಿಂದ ನೀರಿನ ಶುದ್ಧೀಕರಣಕ್ಕೆ ಕೇಳಿದ್ದಕ್ಕಿಂತ ಒಂದು ಹಂತ ಹೆಚ್ಚೇ ಖರ್ಚು ಮಾಡಿದರು. ಪಟ್ಟಿಯಲ್ಲಿದ್ದ ಒಂದಂಶವೂ ತಪ್ಪಲಿಲ್ಲ. ಆದರೆ ಟ್ಯೂಬು ಎಲ್ಲಿಂದ ಬರುತ್ತದೆ, ಯಾವಾಗ ತೆಗೆದ ರಕ್ತ, ಬರುವ ಮೊದಲು ಅದಕ್ಕೆ ಏನೇನಾಗಿದೆ ಎಂಬ ಬಗ್ಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ.

ಇದಕ್ಕೆ ಒಂದು ಹಳೆಯ ಕಾರಣವಿದೆ ಎಂದು ನನಗನ್ನಿಸುತ್ತದೆ. ರೋಬಾಟುಗಳಿಂದ ಇಡೀ ಪ್ರಯೋಗಾಲಯವನ್ನು ನಡೆಸುವ ಕಲ್ಪನೆಯನ್ನು 1980ರ ದಶಕದ ಆರಂಭದಲ್ಲಿ ಸಾಕಾರಗೊಳಿಸಿದವರು ಜಪಾನಿನ ಕೋಚಿ ವೈದ್ಯಕೀಯ ಶಾಲೆಯ ಡಾ. ಮಸಾಹಿದೆ ಸಾಸಾಕಿ. (ಇದು ಕೇರಳದ ಕೊಚ್ಚಿಯಲ್ಲ.) ಅದು ಆಸ್ಪತ್ರೆಯೊಳಗಿನ ಪ್ರಯೋಗಾಲಯ. ವಾರ್ಡಿನಲ್ಲಿ ತೆಗೆದ ರಕ್ತ ಅದೇ ಕಟ್ಟಡದೊಳಗೆ ಒಂದೇ ಬಗೆಯಲ್ಲಿ ಸಾಗಿ ಬರುತ್ತದೆ, ಆದ್ದರಿಂದ ಟ್ಯೂಬುಗಳ ಪೂರ್ವಕಥೆ ಹೆಚ್ಚುಕಡಿಮೆ ಒಂದೇ. ನಾಲ್ಕು ತಾಲ್ಲೂಕುಗಳ ಟ್ಯೂಬುಗಳು ಒಂದೇ ಬೆಂಚಿಗೆ ಬಂದು ಬೀಳುವ ನಮ್ಮಂಥ ಕಡೆ ಹಾಗಲ್ಲ.

ಸ್ಥಾಪನೆಯ ನಂತರದ ತಪಾಸಣೆಯೂ ಕ್ರಮಬದ್ಧವಾಗಿಯೇ ನಡೆಯಿತು. ರೋಬಾಟ್ ಕೈಯ ಚಲನೆಯನ್ನು ನೀರು ತುಂಬಿದ ಟ್ಯೂಬುಗಳಿಂದ ಪರೀಕ್ಷಿಸಿದರು. ಫಲಿತಾಂಶಗಳ ತಾಳೆಗೆ ಹಿಂದಿನ ದಿನದ ಉಳಿಕೆ ಸೀರಮ್ ಬಳಸಿದರು. ಎರಡೂ ಉತ್ತೀರ್ಣವಾದವು. ಆಗತಾನೆ ತೆಗೆದ ರಕ್ತವೊಂದು ಮೊದಲಿನಿಂದ ಕೊನೆಯವರೆಗೆ ಯಂತ್ರದ ಮೂಲಕ ಹಾದುಹೋದದ್ದು ಕೆಲಸ ಶುರುವಾದ ದಿನವೇ.

ಮೊದಲ ತೊಂದರೆ ಮತ್ತು ಮೊದಲ ಊಹೆ

ಕೆಲಸ ಶುರುವಾಗಿ ಹೆಚ್ಚು ದಿನವಾಗುವ ಮೊದಲೇ ಪರೀಕ್ಷಾ ಯಂತ್ರಗಳು ಬೆಳಗಿನ ನೂಕುನುಗ್ಗಲಿನ ಹೊತ್ತಿಗೇ ನಿಲ್ಲತೊಡಗಿದವು. ಸೀರಮ್ ಹೀರುವ ಸೂಜಿಯ ಒತ್ತಡದಲ್ಲಿ ವ್ಯತ್ಯಾಸ ಕಂಡರೆ ಯಂತ್ರ ‘ಗಡ್ಡೆ ಸಿಕ್ಕಿದೆ’ ಎಂದು ಎಚ್ಚರಿಕೆ ಕೊಟ್ಟು ಆ ಮಾದರಿಯನ್ನು ಬಿಟ್ಟುಬಿಡುತ್ತದೆ. ಆಗ ತಂತ್ರಜ್ಞರು ಆ ಟ್ಯೂಬನ್ನು ಹುಡುಕಿ ತೆಗೆದು, ಮರದ ಕಡ್ಡಿಯಿಂದ ಫೈಬ್ರಿನ್ (ರಕ್ತ ಹೆಪ್ಪುಗಟ್ಟುವಾಗ ಎಳೆಯಾಗಿ ಕಟ್ಟುವ ಪ್ರೋಟೀನು) ಎಳೆಯನ್ನು ಸುತ್ತಿ ಎತ್ತಿ, ಸೀರಮ್ಮನ್ನು ಬೇರೆ ಕಪ್ಪಿಗೆ ವರ್ಗಾಯಿಸಿ ಮತ್ತೆ ಓಡಿಸಬೇಕು. ಕೈಯಿಂದಲೇ ಎಲ್ಲ ಮಾಡುತ್ತಿದ್ದ ಕಾಲದಲ್ಲಿ ಅಪರೂಪವಾಗಿದ್ದ ಈ ಕೆಲಸ ಈಗ ದಿನದ ಪಾಠವಾಯಿತು. ಒಂದೂವರೆಯ ಗಡುವು ಮೊದಲಿಗಿಂತ ಹೆಚ್ಚಾಗಿ ತಪ್ಪತೊಡಗಿತು.

ಎಲ್ಲರ ಬೆರಳೂ ಬಸ್ಸಿನ ಕಡೆಗೆ ತಿರುಗಿತು. ಜಗಳೂರಿನ ರಸ್ತೆ, ಬಿಸಿಲು, ಡ್ರೈವರ್ ಪಕ್ಕದಲ್ಲಿ ಕುಲುಕುತ್ತಾ ಬರುವ ಡಬ್ಬಿ, ಇದಕ್ಕಿಂತ ಬೇರೆ ಕಾರಣ ಏಕೆ ಬೇಕು? ಒಂದು ಕೇಂದ್ರದಿಂದ ಬಸ್ಸಿನ ಬದಲು ಬೈಕಿನಲ್ಲಿ ತರಿಸಿದರು. ಟ್ಯೂಬುಗಳು ನೆಟ್ಟಗೆ ನಿಲ್ಲುವಂತೆ ಡಬ್ಬಿಗಳಿಗೆ ಫೋಮ್ ಹಾಕಿಸಿದರು. ಖರ್ಚು ಹೆಚ್ಚಿತು, ಎಚ್ಚರಿಕೆಗಳು ಕಡಿಮೆಯಾಗಲಿಲ್ಲ.

ಬೆಂಗಳೂರಿನಿಂದ ಬಂದ ಎಂಜಿನಿಯರ್ ಯಂತ್ರದಲ್ಲಿ ಯಾಂತ್ರಿಕ ದೋಷವಿಲ್ಲವೆಂದು ಖಚಿತಪಡಿಸಿಕೊಂಡು, ಗಡ್ಡೆ ಗುರುತಿಸುವ ಸಂವೇದಕದ ಮಿತಿಯನ್ನು ಸ್ವಲ್ಪ ಸಡಿಲಿಸಬಹುದು ಎಂದು ಸಲಹೆ ಕೊಟ್ಟರು. ಸಣ್ಣ ಎಳೆಗಳಿಗೆಲ್ಲ ಯಂತ್ರ ನಿಲ್ಲುವುದು ತಪ್ಪುತ್ತದೆ, ಕೆಲಸ ಸಾಗುತ್ತದೆ ಎಂಬುದು ಅವರ ವಾದ. ಮಾಲೀಕರು ಒಪ್ಪುವ ಹಂತದಲ್ಲಿದ್ದರು. ಜೀವರಸಾಯನ ವಿಭಾಗದ ಮುಖ್ಯಸ್ಥೆ ಒಪ್ಪಲಿಲ್ಲ.

ಇಡೀ ಪ್ರಕರಣದ ಮೊದಲ ತಿರುವು ಇದೇ ನಿರಾಕರಣೆ ಎಂದು ನಾನು ಭಾವಿಸುತ್ತೇನೆ, ಆದ್ದರಿಂದ ಅವರ ಕಾರಣಗಳನ್ನು ಬಿಡಿಸಿ ಹೇಳಬೇಕು. ಸೂಜಿಗೆ ಎಳೆ ಸಿಕ್ಕಿಯೂ ಯಂತ್ರ ಸುಮ್ಮನಿದ್ದರೆ ಬೇಕಾದಷ್ಟು ಸೀರಮ್ ಹೀರಲಾಗದೆ ಫಲಿತಾಂಶಗಳು ಸುಳ್ಳೇ ಕಡಿಮೆ ಬರುತ್ತವೆ. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್‌ನಂಥ ಪರೀಕ್ಷೆಗಳಲ್ಲಿ ಫೈಬ್ರಿನ್ ಎಳೆ ಇದ್ದರೆ ಕೆಲವೊಮ್ಮೆ ಇದಕ್ಕೆ ವಿರುದ್ಧವಾಗಿ ಫಲಿತಾಂಶ ಸುಳ್ಳೇ ಹೆಚ್ಚು ಬರುವುದೂ ಉಂಟು. ಎರಡೂ ಸಂದರ್ಭದಲ್ಲಿ ರಿಪೋರ್ಟಿನ ಮೇಲೆ ತಪ್ಪಿನ ಗುರುತೇ ಇರುವುದಿಲ್ಲ. ಎಚ್ಚರಿಕೆ ಈಗ ಕಾಟ ಕೊಡುತ್ತಿದೆ ನಿಜ, ಆದರೆ ಅದು ಸುಳ್ಳು ಹೇಳುತ್ತಿಲ್ಲ. ಕಡ್ಡಿಯಿಂದ ಎತ್ತಿದಾಗಲೆಲ್ಲ ಎಳೆ ನಿಜವಾಗಿಯೂ ಸಿಗುತ್ತಿದೆ ಎಂದು ಅವರು ತೋರಿಸಿದರು. ಮಿತಿ ಸಡಿಲಿಸಿದ್ದರೆ ಕಂಪನಿಯ ತಿಂಗಳ ವರದಿಯಲ್ಲಿ ಯಂತ್ರ ನಿಂತ ಸಮಯ ಕಡಿಮೆಯಾಗಿ ಕಾಣುತ್ತಿತ್ತು, ಎಲ್ಲರೂ ಸಮಾಧಾನಪಡುತ್ತಿದ್ದರು, ಮೂಲ ಕಾರಣ ಅಲ್ಲಿಯೇ ಹೂತುಹೋಗುತ್ತಿತ್ತು.

ಬದಲಿಗೆ ಅವರು ಒಂದು ಸರಳ ಕೆಲಸ ಮಾಡಿದರು. ಎಚ್ಚರಿಕೆ ಬಂದ ಪ್ರತಿಯೊಂದು ಟ್ಯೂಬಿನ ಬಾರ್‌ಕೋಡ್ ಯಂತ್ರದ ದಾಖಲೆಯಲ್ಲಿತ್ತು. ಅದರ ಎದುರಿಗೆ ಟ್ಯೂಬು ಬಂದ ಕೇಂದ್ರದ ಹೆಸರನ್ನು ಕೈಯಿಂದಲೇ ಬರೆಸಿದರು. ಕೆಲವು ದಿನಗಳ ಪಟ್ಟಿ ಸಾಕಾಯಿತು. ಜಗಳೂರಿನ ಟ್ಯೂಬುಗಳು ಬಹುತೇಕ ಶುದ್ಧವಾಗಿದ್ದವು. ಗಡ್ಡೆ ಸಿಕ್ಕ ಟ್ಯೂಬುಗಳಲ್ಲಿ ಹೆಚ್ಚಿನವು ಬಂದದ್ದು ಅದೇ ಕಟ್ಟಡದ ಕೆಳಮಹಡಿಯ ಕೌಂಟರಿನಿಂದ.

ಕಾರಣ ತಿಳಿದ ಮೇಲೆ ಅದು ಬಹಳ ಸರಳ. ಹಿಂದೆ ಕೌಂಟರಿನ ಟ್ಯೂಬುಗಳು ಮೇಲಕ್ಕೆ ಬಂದರೂ ಯಾರಿಗೂ ಬಿಡುವಿಲ್ಲದೆ ಬೆಂಚಿನ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ನಿಂತಿರುತ್ತಿದ್ದವು. ಆ ಹೊತ್ತಿನಲ್ಲಿ ರಕ್ತ ತಾನಾಗಿಯೇ ಪೂರ್ತಿ ಹೆಪ್ಪುಗಟ್ಟುತ್ತಿತ್ತು. ರೋಬಾಟಿಗೆ ಬಿಡುವಿನ ಪ್ರಶ್ನೆಯೇ ಇಲ್ಲ. ರಕ್ತ ತೆಗೆದು ಹತ್ತು ನಿಮಿಷವಾಗುವ ಮೊದಲೇ ಟ್ಯೂಬು ಸೆಂಟ್ರಿಫ್ಯೂಜಿನೊಳಗಿರುತ್ತಿತ್ತು. ಅರೆಬರೆ ಹೆಪ್ಪುಗಟ್ಟಿದ ರಕ್ತ ತಿರುಗಿದ ಮೇಲೂ ಸೀರಮ್ಮಿನಲ್ಲಿ ಫೈಬ್ರಿನ್ ಕಟ್ಟುವುದು ಮುಂದುವರಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹೃದ್ರೋಗಿಗಳಲ್ಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಪಡೆಯುವ ಡಯಾಲಿಸಿಸ್ ರೋಗಿಗಳಲ್ಲಿ ಇದು ಇನ್ನೂ ಹೆಚ್ಚು. ವಿಳಂಬವೆಂದು ಎಲ್ಲರೂ ಶಪಿಸುತ್ತಿದ್ದ ಕಾಯುವಿಕೆಯೇ ಪ್ರಯೋಗಾಲಯದ ಒಂದು ಹಂತದ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಡುತ್ತಿತ್ತು, ಮತ್ತು ಯಂತ್ರ ಆ ಹಂತವನ್ನೇ ಕಿತ್ತುಹಾಕಿತ್ತು.

ಎರಡನೆಯ ತೊಂದರೆ

ಇದಕ್ಕೆ ಪರಿಹಾರ ಹುಡುಕುತ್ತಿರುವಾಗಲೇ ತಾಲ್ಲೂಕು ಕೇಂದ್ರವೊಂದರ ಸಮೀಪದ ವೈದ್ಯರೊಬ್ಬರು ಫೋನ್ ಮಾಡಿದರು. ಮೂತ್ರಪಿಂಡದ ತೊಂದರೆಯಿರುವ ಅವರ ರೋಗಿಯೊಬ್ಬರ ಪೊಟ್ಯಾಸಿಯಂ ಲೀಟರಿಗೆ 6 ಮಿಲಿಮೋಲ್ ದಾಟಿದೆ ಎಂದು ರಿಪೋರ್ಟು ಹೇಳುತ್ತಿತ್ತು. ಸಾಮಾನ್ಯ ಮಟ್ಟ ಸುಮಾರು 3.5ರಿಂದ 5.1. ಆರು ದಾಟಿದರೆ ಹೃದಯದ ಬಡಿತ ಏರುಪೇರಾಗುವ ಭಯವಿದೆ, ಆಸ್ಪತ್ರೆಗೆ ಸೇರಿಸುವುದು ವಾಡಿಕೆ. ಆದರೆ ಇಸಿಜಿಯಲ್ಲಿ ಏನೂ ಕಾಣದೆ, ರೋಗಿ ಆರಾಮಾಗಿ ಕುಳಿತಿದ್ದದ್ದನ್ನು ಕಂಡು ಅವರಿಗೆ ಸಂಶಯ ಬಂದು ರಕ್ತವನ್ನು ಮತ್ತೊಮ್ಮೆ ಬೇರೆಡೆ ಪರೀಕ್ಷೆ ಮಾಡಿಸಿದ್ದರು. ಅದು ಸಹಜವಾಗಿತ್ತು. ರೋಗಿಗೆ ತೊಂದರೆಯಾಗಲಿಲ್ಲ, ಅದು ಆ ವೈದ್ಯರ ಎಚ್ಚರದಿಂದ.

ಪೊಟ್ಯಾಸಿಯಂ ಸುಳ್ಳೇ ಏರಲು ಕಾರಣಗಳು ಹಲವು. ಕೆಂಪು ರಕ್ತಕಣದೊಳಗಿನ ಪೊಟ್ಯಾಸಿಯಂ ಹೊರಗಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು, ಆದ್ದರಿಂದ ಕಣಗಳು ಒಡೆದರೂ ಏರುತ್ತದೆ, ಸೀರಮ್ ಬೇರ್ಪಡಿಸದೆ ಹೆಚ್ಚು ಹೊತ್ತು ಬಿಟ್ಟರೂ ಏರುತ್ತದೆ. ಬೇರ್ಪಡಿಸದ ರಕ್ತವನ್ನು ಐಸಿನ ಮೇಲೆ ಇಟ್ಟು ತಂದರೂ ಏರುತ್ತದೆ. ಚಳಿಯಲ್ಲಿ, ಪೊಟ್ಯಾಸಿಯಮ್ಮನ್ನು ಕಣದೊಳಕ್ಕೆ ಎಳೆದುಕೊಳ್ಳುವ ವ್ಯವಸ್ಥೆ ಮಂದವಾಗುವುದರಿಂದ ಹೀಗಾಗುತ್ತದೆ. ಮಧ್ಯ ಕರ್ನಾಟಕದ ಬೇಸಿಗೆಯಲ್ಲಿ ಒಳ್ಳೆಯ ಉದ್ದೇಶದಿಂದಲೇ ಐಸ್ ಪ್ಯಾಕ್ ಹಾಕುವವರು ಈ ಕೊನೆಯದನ್ನು ಗಮನಿಸುವುದು ಕಡಿಮೆ.

ಆದರೆ ಈ ಕೇಂದ್ರದಲ್ಲಿ ಐಸ್ ಇರಲಿಲ್ಲ, ಸೀರಮ್ ಕೆಂಪಾಗಿರಲಿಲ್ಲ, ತಡವೂ ಆಗಿರಲಿಲ್ಲ. ಅಷ್ಟೇ ಅಲ್ಲ, ತಡವಾಗುತ್ತದೆಂದೇ ದೂರದ ಕೇಂದ್ರಗಳಿಗೆ ಹಿಂದೆಯೇ ಸಣ್ಣ ಸೆಂಟ್ರಿಫ್ಯೂಜ್ ಕೊಡಲಾಗಿತ್ತು. ಅಲ್ಲಿನ ಹುಡುಗರು ಟ್ಯೂಬುಗಳನ್ನು ಅಲ್ಲಿಯೇ ತಿರುಗಿಸಿ ಕಳುಹಿಸುತ್ತಿದ್ದರು. ಎಲ್ಲರಿಗಿಂತ ಸರಿಯಾಗಿ ಕೆಲಸ ಮಾಡುತ್ತಿದ್ದ ಕೇಂದ್ರದ ಪೊಟ್ಯಾಸಿಯಂ ಏಕೆ ಏರಿತು ಎಂಬುದೇ ಒಗಟಾಗಿತ್ತು.

ಉತ್ತರ ಬಂದದ್ದು ಹಿರಿಯ ತಂತ್ರಜ್ಞೆಯೊಬ್ಬರಿಂದ. ‘ಅವು ತಿರುಗಿಸಿ ಬಂದ ಟ್ಯೂಬುಗಳಲ್ಲವೇ, ನಾವು ಅವನ್ನು ಸೆಂಟ್ರಿಫ್ಯೂಜಿಗೆ ಹಾಕುತ್ತಲೇ ಇರಲಿಲ್ಲ’ ಎಂದರು. ಜೆಲ್ ಎಲ್ಲಿದೆ ಎಂದು ಒಂದು ನೋಟ ನೋಡಿದರೆ ಸಾಕು: ತಳದಲ್ಲಿದ್ದರೆ ತಿರುಗಿಸಬೇಕು, ನಡುವೆ ಇದ್ದರೆ ಬೇಡ. ಹೊಸ ಯಂತ್ರದಲ್ಲಿಯೂ ಮೊದಲೇ ತಿರುಗಿಸಿದ ಟ್ಯೂಬುಗಳಿಗೆ ಪ್ರತ್ಯೇಕ ಸಾಲಿತ್ತು. ಆದರೆ ಯಾವ ಟ್ಯೂಬನ್ನು ಯಾವ ಸಾಲಿಗೆ ಇಡಬೇಕೆಂಬುದು ತುಂಬುವವರ ನೆನಪಿಗೆ ಬಿಟ್ಟದ್ದು. ಬೆಳಗಿನ ನೂಕುನುಗ್ಗಲಿನಲ್ಲಿ ಹೊಸ ಹುಡುಗ ಎಲ್ಲವನ್ನೂ ಹತ್ತಿರದ ಸಾಲಿಗೇ ತುಂಬುತ್ತಿದ್ದ. ಟಿಕೆಟ್ ಒಂದನ್ನೇ ನೋಡಿ ಒಳಗೆ ಬಿಡುವ ಹೊಸ ಕಂಡಕ್ಟರಿನಂತೆ ರೋಬಾಟ್ ಬಾರ್‌ಕೋಡ್ ನೋಡಿ, ಟ್ಯೂಬನ್ನು ಮತ್ತೊಮ್ಮೆ ತಿರುಗಿಸುತ್ತಿತ್ತು.

ಜೆಲ್ ಟ್ಯೂಬನ್ನು ಎರಡನೆಯ ಬಾರಿ ತಿರುಗಿಸಬಾರದು ಎಂಬುದು ಈ ಕ್ಷೇತ್ರದ ಹಳೆಯ ನಿಯಮ. ಜೆಲ್ ಗೋಡೆಯ ಕೆಳಗೆ, ಕಣಗಳ ನಡುವೆ ಸ್ವಲ್ಪ ದ್ರವ ಉಳಿದಿರುತ್ತದೆ. ಗಂಟೆಗಟ್ಟಲೆ ಕಣಗಳ ಜೊತೆಯಿದ್ದು ಅದರಲ್ಲಿ ಪೊಟ್ಯಾಸಿಯಂ ಸೋರಿ ತುಂಬಿಕೊಂಡಿರುತ್ತದೆ. ಮತ್ತೆ ತಿರುಗಿಸಿದಾಗ ಆ ದ್ರವ ಜೆಲ್‌ನ ಅಂಚಿನಿಂದ ಮೇಲಕ್ಕೆ ಬಂದು ಸೀರಮ್ಮಿಗೆ ಸೇರುತ್ತದೆ. ಕಣಗಳು ಒಡೆದಿರುವುದಿಲ್ಲವಾದ್ದರಿಂದ ಸೀರಮ್ಮಿನ ಬಣ್ಣ ಬದಲಾಗುವುದಿಲ್ಲ, ಯಂತ್ರದ ಬಣ್ಣ ಅಳೆಯುವ ಪರೀಕ್ಷೆಗೂ ಅದು ಸಿಗುವುದಿಲ್ಲ.

ಹೇಳಿದ್ದನ್ನು ನಂಬದೆ ಪರೀಕ್ಷಿಸಿ ನೋಡಿದ್ದು ಪ್ರಯೋಗಾಲಯಕ್ಕೆ ಭೂಷಣ. ಒಪ್ಪಿದ ಕೆಲವು ಸಿಬ್ಬಂದಿಯಿಂದಲೇ ಜೋಡಿ ಟ್ಯೂಬುಗಳಲ್ಲಿ ರಕ್ತ ತೆಗೆದು, ಒಂದನ್ನು ಒಮ್ಮೆ ತಿರುಗಿಸಿದರು. ಇನ್ನೊಂದನ್ನು ಒಮ್ಮೆ ತಿರುಗಿಸಿ, ತಾಲ್ಲೂಕಿನಿಂದ ಬರುವಷ್ಟು ಹೊತ್ತು ಇರಿಸಿ, ಯಂತ್ರದಲ್ಲಿ ಮತ್ತೆ ತಿರುಗಿಸಿದರು. ಎರಡು ಬಾರಿ ತಿರುಗಿದ ಟ್ಯೂಬಿನ ಪೊಟ್ಯಾಸಿಯಂ ಜೋಡಿಯ ಇನ್ನೊಂದಕ್ಕಿಂತ ಮೇಲಿತ್ತು. ನಡುವೆ ಹೆಚ್ಚು ಹೊತ್ತು ನಿಂತಿದ್ದರೆ ಅಂತರವೂ ಹೆಚ್ಚಿತ್ತು.

ಬೆಂಚಿನ ಬಳಿ ನಿಂತು ಹೇಳಿಸಿದ್ದು

ಇಲ್ಲಿಗೆ ಎರಡು ತೊಂದರೆಗಳು ಒಂದೇ ಬೇರಿನಿಂದ ಹುಟ್ಟಿದ್ದವೆಂಬುದು ಸ್ಪಷ್ಟವಾಯಿತು. ಹತ್ತಿರದ ಟ್ಯೂಬುಗಳು ಕಾಯಬೇಕಾದಷ್ಟು ಕಾಯದೆ ತಿರುಗಿದವು, ದೂರದವು ಒಮ್ಮೆ ತಿರುಗಿ ಬಂದಿದ್ದರೂ ಮತ್ತೆ ತಿರುಗಿದವು. ಎರಡೂ ಕಡೆ ಯಂತ್ರ ಹೇಳಿದ್ದನ್ನು ಲೋಪವಿಲ್ಲದೆ ಮಾಡಿತ್ತು. ಅದಕ್ಕೆ ಟ್ಯೂಬಿನ ಪೂರ್ವಕಥೆ ಗೊತ್ತಿರಲಿಲ್ಲ ಅಷ್ಟೆ. ಆ ಕಥೆ ಲೇಬಲಿನ ಮೇಲೆ ಎಲ್ಲಿಯೂ ಬರೆದಿರಲಿಲ್ಲ, ಅದು ಇದ್ದದ್ದು ತಂತ್ರಜ್ಞರ ಕಣ್ಣಿನಲ್ಲಿ.

ಮಾಲೀಕರ ಮೊದಲ ಪ್ರತಿಕ್ರಿಯೆ ಯಂತ್ರವನ್ನು ನಿಲ್ಲಿಸಿ ಹಳೆಯ ಪದ್ಧತಿಗೆ ಮರಳುವುದಾಗಿತ್ತು. ಅದರ ಬದಲು ವಿಭಾಗದ ಮುಖ್ಯಸ್ಥೆ ಕೇಳಿಕೊಂಡದ್ದು ಬೇರೆ: ಹಿರಿಯ ತಂತ್ರಜ್ಞೆ ಕೆಲವು ಬೆಳಗುಗಳು ಹಳೆಯ ಬೆಂಚಿನ ಬಳಿಯೇ ನಿಂತು ಎಂದಿನಂತೆ ಕೆಲಸ ಮಾಡಲಿ, ಆದರೆ ಪ್ರತಿ ಟ್ಯೂಬನ್ನು ಕೈಗೆತ್ತಿಕೊಂಡಾಗ ಏನು ನೋಡುತ್ತಿದ್ದೇನೆಂಬುದನ್ನು ಬಾಯಿಬಿಟ್ಟು ಹೇಳಲಿ, ಪಕ್ಕದಲ್ಲಿ ಒಬ್ಬರು ಬರೆದುಕೊಳ್ಳಲಿ. ತನ್ನ ಕೆಲಸ ಹೋಗುತ್ತದೆಂಬ ಅಳುಕು ಆಕೆಗಿತ್ತು. ಯಂತ್ರದ ನಿಯಮಗಳನ್ನು ತಿದ್ದುವ ಹೊಣೆ ಆಕೆಗೇ ಕೊಡಲಾಗುವುದೆಂದು ಮೊದಲೇ ಬರೆದುಕೊಟ್ಟ ಮೇಲೆ ಒಪ್ಪಿದರು. ಈ ಬರೆದುಕೊಟ್ಟದ್ದು ಸಣ್ಣ ವಿಷಯವಲ್ಲ. ಅದಿಲ್ಲದಿದ್ದರೆ ಆಕೆ ಹೇಳುತ್ತಿದ್ದದ್ದು ಇದರ ಅರ್ಧವೂ ಇರುತ್ತಿರಲಿಲ್ಲ.

ಬರೆದುಕೊಂಡ ಪಟ್ಟಿ ಎಲ್ಲರನ್ನೂ ಬೆರಗುಗೊಳಿಸಿತು. ಟ್ಯೂಬನ್ನು ಓರೆ ಮಾಡಿ ರಕ್ತ ಹರಿಯುತ್ತದೆಯೇ ನೋಡುವುದು, ಜೆಲ್ ಎಲ್ಲಿದೆ ನೋಡುವುದು, ಸೀರಮ್ ಕೆಂಪಗಿದೆಯೇ, ಹಾಲಿನಂತಿದೆಯೇ, ಗಾಢ ಹಳದಿಯೇ ಎಂದು ನೋಡುವುದು, ತಿಳಿನೀಲಿ ಟ್ಯೂಬಿನಲ್ಲಿ ರಕ್ತ ಗುರುತಿನ ಗೆರೆಯವರೆಗೆ ತುಂಬಿದೆಯೇ ನೋಡುವುದು. ಆ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಇರಬೇಕು, ರಕ್ತ ಕಡಿಮೆಯಾದರೆ ಹೆಪ್ಪುಗಟ್ಟುವ ಕಾಲ ಸುಳ್ಳೇ ಹೆಚ್ಚು ಬರುತ್ತದೆ. ಇವುಗಳ ನಡುವೆ ಯಾವ ಪಠ್ಯದಲ್ಲಿಯೂ ಇಲ್ಲದ ಮಾತುಗಳೂ ಇದ್ದವು. ‘ಈ ಕೈಬರಹ ನೋಡಿ, ಈ ಹುಡುಗ ರಕ್ತ ಸಾಲದಿದ್ದರೆ ನೇರಳೆ ಟ್ಯೂಬಿನಿಂದ ಹಳದಿಗೆ ಸುರಿದುಬಿಡುತ್ತಾನೆ. ಇವನ ಟ್ಯೂಬಿನ ಕ್ಯಾಲ್ಸಿಯಂ ಬಂದ ಮೇಲೆ ಮತ್ತೊಮ್ಮೆ ನೋಡುತ್ತೇನೆ.’ ನೇರಳೆ ಟ್ಯೂಬಿನಲ್ಲಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣ, ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಅದರ ಸ್ವಲ್ಪ ಪಾಲು ಸೇರಿದರೂ ಪೊಟ್ಯಾಸಿಯಂ ಮೇಲಕ್ಕೂ ಕ್ಯಾಲ್ಸಿಯಂ ಪಾತಾಳಕ್ಕೂ ಹೋಗುತ್ತವೆ.

ಬದಲಾದ ನಿಯಮಗಳು

ಪಟ್ಟಿಯಲ್ಲಿದ್ದ ಕೆಲವನ್ನು ಯಂತ್ರದ ತಂತ್ರಾಂಶಕ್ಕೆ ನಿಯಮಗಳಾಗಿ ಇಳಿಸಿದರು. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಂತ್ರದ ಬಳಿ ನಡೆಯಲೇ ಇಲ್ಲ, ರಕ್ತ ತೆಗೆಯುವ ಕುರ್ಚಿಯ ಪಕ್ಕದಲ್ಲಿ ನಡೆಯಿತು. ಅದುವರೆಗೆ ಬಾರ್‌ಕೋಡನ್ನು ಟ್ಯೂಬುಗಳು ಪ್ರಯೋಗಾಲಯಕ್ಕೆ ಬಂದ ಮೇಲೆ, ಕೈಬರಹದ ಹೆಸರಿನ ಮೇಲೆ ಅಂಟಿಸಲಾಗುತ್ತಿತ್ತು. ಈಗ ಸಂಗ್ರಹಣಾ ಕೇಂದ್ರದಲ್ಲಿಯೇ ಮುದ್ರಿಸಿ, ರಕ್ತ ತೆಗೆದ ಕೂಡಲೇ ರೋಗಿಯ ಎದುರಿಗೇ ಅಂಟಿಸಿ, ಸ್ಕ್ಯಾನ್ ಮಾಡುವಂತಾಯಿತು. ಆ ಸ್ಕ್ಯಾನ್‌ನಿಂದ ರಕ್ತ ತೆಗೆದ ಸಮಯ ದಾಖಲಾಗುತ್ತದೆ. ಅಲ್ಲಿ ತಿರುಗಿಸಿದರೆ, ಸೆಂಟ್ರಿಫ್ಯೂಜಿನಿಂದ ತೆಗೆದಾಗ ಮತ್ತೊಂದು ಸ್ಕ್ಯಾನ್. ರೋಬಾಟ್ ಬಾರ್‌ಕೋಡ್ ಓದಿದಾಗ ಈ ಎರಡು ಸಂಗತಿಗಳೂ ಅದಕ್ಕೆ ತಿಳಿಯುತ್ತವೆ. ತೆಗೆದು 30 ನಿಮಿಷವಾಗದ ಹಳದಿ ಟ್ಯೂಬನ್ನು ಅದು ಎತ್ತಿ ಪಕ್ಕಕ್ಕಿಡುತ್ತದೆ; ತಿರುಗಿಸಿ ಬಂದದ್ದನ್ನು ಯಾವ ಸಾಲಿನಲ್ಲಿಟ್ಟರೂ ಸೆಂಟ್ರಿಫ್ಯೂಜಿಗೆ ಒಯ್ಯುವುದಿಲ್ಲ.

ತುರ್ತು ಮಾದರಿಗಳಿಗೆ ಮತ್ತು ಡಯಾಲಿಸಿಸ್ ರೋಗಿಗಳಿಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು ತಂದರು. ಅದರಲ್ಲಿ ರಕ್ತ ಹೆಪ್ಪುಗಟ್ಟುವ ಅಗತ್ಯವೇ ಇಲ್ಲ, ಕೂಡಲೇ ತಿರುಗಿಸಬಹುದು. ಪೊಟ್ಯಾಸಿಯಂ ಬಹಳ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ ಎರಡೂ ಒಟ್ಟಿಗೆ ಕಂಡರೆ ರಿಪೋರ್ಟು ತಾನಾಗಿಯೇ ತಡೆಹಿಡಿಯಲ್ಪಡುತ್ತದೆ. ನೇರಳೆ ಟ್ಯೂಬಿನಿಂದ ಸುರಿಯುತ್ತಿದ್ದ ಹುಡುಗನಿಗೆ ಯಾರೂ ಗದರಲಿಲ್ಲ. ರಕ್ತ ಸಾಲದಿದ್ದರೆ ಯಾವ ಪರೀಕ್ಷೆ ಬಿಡಬಹುದು, ಯಾರಿಗೆ ಫೋನ್ ಮಾಡಬೇಕು ಎಂಬ ಚೀಟಿಯನ್ನು ಕೇಂದ್ರದ ಗೋಡೆಗೆ ಅಂಟಿಸಿದರು, ಅದು ಕೆಲಸ ಮಾಡಿತು.

ಸೆಂಟ್ರಿಫ್ಯೂಜ್ ಎಷ್ಟು ಹೊತ್ತು ಕಾಯಬೇಕೆಂಬ ನಿಯಮವೂ ಬದಲಾಯಿತು. ಕಂಪನಿ ಇಟ್ಟಿದ್ದಂತೆ ರೋಬಾಟ್ ಸೆಂಟ್ರಿಫ್ಯೂಜ್ ತುಂಬುವವರೆಗೆ ಕಾಯುತ್ತಿತ್ತು. ಟ್ಯೂಬುಗಳು ಎಡೆಬಿಡದೆ ಬರುವ ಕಡೆಗೆ ಅದು ಸರಿ. ಮಧ್ಯಾಹ್ನದ ವಿರಳ ಹೊತ್ತಿನಲ್ಲಿ ಎರಡು ಟ್ಯೂಬುಗಳು ಉಳಿದವುಗಳಿಗಾಗಿ ಕಾದು ಕುಳಿತಿರುತ್ತಿದ್ದವು. ಹೊತ್ತಿಗೆ ತಕ್ಕಂತೆ ಕಾಯುವ ಮಿತಿಯನ್ನು ಬೇರೆ ಬೇರೆ ಮಾಡಿದರು.

ಫಲಿತಾಂಶವನ್ನು ಉಬ್ಬಿಸಿ ಹೇಳಬೇಕಾದ್ದಿಲ್ಲ. ಕೌಂಟರಿನ ಟ್ಯೂಬುಗಳು ಈಗ ಯಂತ್ರ ಬಂದ ಹೊಸತರಲ್ಲಿದ್ದದ್ದಕ್ಕಿಂತ ನಿಧಾನವಾಗಿ ಒಳಗೆ ಹೋಗುತ್ತವೆ, ಆದರೆ ಮತ್ತೆ ಹೊರಗೆ ಬರುವುದು ಅಪರೂಪ. ಗಡ್ಡೆಯ ಎಚ್ಚರಿಕೆಗಳು ಕೈಯಿಂದ ಮಾಡುತ್ತಿದ್ದ ಕಾಲದ ಮಟ್ಟಕ್ಕೆ ಇಳಿದವು. ಒಂದೂವರೆಯ ಗಡುವು ಹೆಚ್ಚಿನ ದಿನಗಳಲ್ಲಿ ನಿಲ್ಲುತ್ತದೆ. ಸೋಮವಾರ ಮತ್ತು ಹಬ್ಬದ ಮರುದಿನ ನಿಲ್ಲುವುದಿಲ್ಲ, ಏಕೆಂದರೆ ಆ ದಿನಗಳಲ್ಲಿ ಟ್ಯೂಬುಗಳು ಒಮ್ಮೆಲೇ ಬಂದು ಬೀಳುತ್ತವೆ. ಹಿಂದೆ ಅಂಥ ದಿನ ಎಲ್ಲರೂ ಬೇರೆ ಕೆಲಸ ಬಿಟ್ಟು ಬೆಂಚಿಗೆ ಬಂದು ನಿಲ್ಲುತ್ತಿದ್ದರು. ಮನುಷ್ಯರ ಕೈಗಳು ಹೀಗೆ ಹಿಗ್ಗುತ್ತವೆ, ಯಂತ್ರದ ಗಂಟೆವಾರು ಸಾಮರ್ಥ್ಯ ಹಿಗ್ಗುವುದಿಲ್ಲ. ಕೊಳ್ಳುವ ಮುನ್ನ ದಿನದ ಒಟ್ಟು ಟ್ಯೂಬುಗಳನ್ನು ಗಂಟೆಗಳಿಂದ ಭಾಗಿಸಿ ಲೆಕ್ಕ ಹಾಕಿದ್ದರು, ಹತ್ತರಿಂದ ಹನ್ನೊಂದೂವರೆಯ ನಡುವೆ ಬರುವವುಗಳನ್ನು ಮಾತ್ರ ಎಣಿಸಬೇಕಿತ್ತು.

ಇತರರು ಇದರಿಂದ ಪಡೆಯಬಹುದಾದದ್ದು

ಯಂತ್ರ ಕೊಳ್ಳಲು ಹೊರಟ ಇನ್ನೊಂದು ಪ್ರಯೋಗಾಲಯ ನನ್ನನ್ನು ಕೇಳಿದರೆ ನಾನು ಮೊದಲು ಹೇಳುವುದು ಬೆಂಚಿನ ಬಳಿ ನಿಂತು ಹೇಳಿಸುವ ಆ ಕೆಲಸವನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಮಾಡಿಸಿ ಎಂದು. ಹಾಗೆ ಸಿಕ್ಕ ಪಟ್ಟಿಯನ್ನು ಹಿಡಿದು ಪೂರೈಕೆದಾರರ ಎದುರು ಕುಳಿತು, ಇದರಲ್ಲಿ ಯಾವುದನ್ನು ನಿಮ್ಮ ಯಂತ್ರ ತಾನೇ ನೋಡುತ್ತದೆ, ಯಾವುದನ್ನು ಲೇಬಲಿನಲ್ಲಿ ಬರೆದರೆ ತಿಳಿಯುತ್ತದೆ, ಯಾವುದು ಮನುಷ್ಯರಿಗೇ ಉಳಿಯುತ್ತದೆ ಎಂದು ಒಂದೊಂದಾಗಿ ಕೇಳಬೇಕು. ಕ್ಯಾಮೆರಾದಿಂದ ಜೆಲ್ ಎಲ್ಲಿದೆಯೆಂದು ಗುರುತಿಸುವ ಯಂತ್ರಗಳೂ ಮಾರುಕಟ್ಟೆಯಲ್ಲಿವೆ. ಇವರ ಬಳಿ ಪಟ್ಟಿ ಮೊದಲೇ ಇದ್ದಿದ್ದರೆ ಬಹುಶಃ ಅಂಥದ್ದನ್ನೇ ಕೇಳುತ್ತಿದ್ದರು. ಎರಡನೆಯದಾಗಿ, ತಪಾಸಣೆಯಲ್ಲಿ ಪ್ರತಿಯೊಂದು ಕೇಂದ್ರದಿಂದ ಬಂದ ತಾಜಾ ರಕ್ತ, ಬರುವ ರೀತಿಯಲ್ಲಿಯೇ, ನೂಕುನುಗ್ಗಲಿನ ಹೊತ್ತಿನಲ್ಲಿಯೇ ಯಂತ್ರದ ಮೂಲಕ ಹೋಗಬೇಕು. ಬಳಸುವ ವಿಧಾನಗಳನ್ನು ತನ್ನ ಪರಿಸ್ಥಿತಿಯಲ್ಲಿ ಪರಿಶೀಲಿಸಿಕೊಳ್ಳಬೇಕೆಂದು ವೈದ್ಯಕೀಯ ಪ್ರಯೋಗಾಲಯಗಳಿಗಿರುವ ಐಎಸ್‌ಒ 15189 ಮಾನದಂಡ ಪ್ರಯೋಗಾಲಯವನ್ನೇ ಹೊಣೆ ಮಾಡುತ್ತದೆ. ಮಾನ್ಯತೆ ಕೊಡುವ ಎನ್‌ಎಬಿಎಲ್ ನೋಡುವುದೂ ಅದನ್ನೇ. ಕಂಪನಿಯ ಪ್ರಮಾಣಪತ್ರ ಅದಕ್ಕೆ ಬದಲಿಯಲ್ಲ.

ಎಚ್ಚರಿಕೆಯ ಮಿತಿಗಳನ್ನು ಯಾರು ಬದಲಿಸಬಹುದು ಎಂಬುದನ್ನು ಈ ಪ್ರಯೋಗಾಲಯ ಈಗ ನಿರ್ವಹಣಾ ಒಪ್ಪಂದದಲ್ಲಿಯೇ ಬರೆಸಿದೆ. ಯಾವುದೇ ಮಿತಿಯನ್ನು ಬದಲಿಸಲು ವಿಭಾಗದ ಮುಖ್ಯಸ್ಥೆಯ ಸಹಿ ಬೇಕು, ಏಕೆ ಬದಲಿಸಿದ್ದೆಂದು ಬರೆದಿರಬೇಕು.

ಬಗೆಹರಿಯದೆ ಉಳಿದದ್ದೂ ಇದೆ. ಸ್ಕ್ಯಾನರ್ ಇಲ್ಲದ ಸಣ್ಣ ನರ್ಸಿಂಗ್ ಹೋಮುಗಳಿಂದ, ನರ್ಸ್ ತೆಗೆದು ಯಾರದೋ ಕೈಯಲ್ಲಿ ಕಳುಹಿಸುವ ಟ್ಯೂಬುಗಳು ಈಗಲೂ ಬರುತ್ತವೆ. ಇವುಗಳಿಗೆ ರಕ್ತ ತೆಗೆದ ಸಮಯವಿಲ್ಲ, ತಿರುಗಿಸಿದ ಗುರುತಿಲ್ಲ. ಇಂಥ ಟ್ಯೂಬನ್ನು ರೋಬಾಟ್ ಮುಟ್ಟದೆ ಹೊರಗಿಡುತ್ತದೆ, ಅದು ಹಳೆಯ ಬೆಂಚಿಗೆ ಹೋಗುತ್ತದೆ. ಜಾಗಕ್ಕಾಗಿ ಆ ಬೆಂಚನ್ನು ತೆಗೆಯಬೇಕೆಂಬುದು ಮಾಲೀಕರ ಇಚ್ಛೆ, ನರ್ಸಿಂಗ್ ಹೋಮುಗಳಿಗೆ ಸ್ಕ್ಯಾನರ್ ಕೊಡುವವರೆಗೆ ಬೇಡವೆಂಬುದು ವಿಭಾಗದ ವಾದ. ಸ್ಕ್ಯಾನರಿನ ಖರ್ಚನ್ನು ಯಾರು ಹೊರಬೇಕೆಂಬ ಮಾತುಕತೆ ಇನ್ನೂ ಮುಗಿದಿಲ್ಲ.